ಕಾಪುವಿನ ಮನೆಯ ಐದನೇ ನಂಬರ್

ಮನೆಗಳಿಗೆ ಹೋಗಿ ನೆಟ್‌ವರ್ಕ್ ಸರಿಮಾಡುವವನನ್ನು ಯಾರೂ ಪೂರ್ತಿ ನಂಬುವುದಿಲ್ಲ. ಈ ಕೆಲಸಕ್ಕೆ ಹೊಸದಾಗಿ ಸೇರುವವರು ಇದನ್ನು ಮೊದಲೇ ತಿಳಿದುಕೊಂಡಿದ್ದರೆ ಒಳ್ಳೆಯದು. ಪ್ಲಂಬರ್ ಬಂದು ಹೋದ ಮೇಲೆ ನಲ್ಲಿಯಲ್ಲಿ ನೀರು ಬರುವುದು ಕಣ್ಣಿಗೆ ಕಾಣುತ್ತದೆ. ನಮ್ಮ ಕೆಲಸ ಕಾಣುವಂಥದ್ದಲ್ಲ. ಪಾಸ್‌ವರ್ಡ್ ಕೇಳುತ್ತೇವೆ, ಲ್ಯಾಪ್‌ಟಾಪನ್ನು ನಮ್ಮ ಕಡೆಗೆ ತಿರುಗಿಸಿಕೊಂಡು ಏನೇನೋ ಒತ್ತುತ್ತೇವೆ, ಕೊನೆಗೆ ‘ಈಗ ನೋಡಿ’ ಎನ್ನುತ್ತೇವೆ. ಅಷ್ಟು ಹೊತ್ತೂ ಮನೆಯವರು ಬೆನ್ನ ಹಿಂದೆ ನಿಂತಿರುತ್ತಾರೆ. ನಿಜ ಹೇಳಬೇಕೆಂದರೆ ನಾವೂ ಅವರನ್ನು ನಂಬುವುದಿಲ್ಲ. ‘ನಾವು ಏನನ್ನೂ ಮುಟ್ಟಲಿಲ್ಲ’ ಎಂದು ಹೇಳದ ಮನೆಯನ್ನು ನಾನು ಇನ್ನೂ ಕಂಡಿಲ್ಲ.

ನಾನು ದುಡಿದದ್ದು ಉಡುಪಿಯ ಕಡಿಯಾಳಿಯ ಒಂದು ಅಂಗಡಿಯಲ್ಲಿ. ಮೊದಲು ಟೆಲಿಫೋನ್ ವಯರಿಂಗ್, ಆಮೇಲೆ ಕಂಪ್ಯೂಟರ್, ಕೊನೆಯ ವರ್ಷಗಳಲ್ಲಿ ಹೆಚ್ಚಾಗಿ ಮನೆಗಳ ವೈಫೈ, ಕ್ಯಾಮೆರಾ, ಸರ್ವರ್. ಮಂಡಿನೋವಿನಿಂದ ಏಣಿ ಹತ್ತಲಾಗದೆ ಕಳೆದ ವರ್ಷ ಕೆಲಸ ಬಿಟ್ಟೆ. ಅಂಗಡಿಯ ಮಾಲಕರು ಭಾಸ್ಕರಣ್ಣ. ಕೆಲಸ ಚೆನ್ನಾಗಿ ಬಲ್ಲವರು, ನಮಗೆಲ್ಲ ಕಲಿಸಿದವರು, ಆದರೆ ಯಾರ ಮಾತನ್ನೂ ಸುಲಭದಲ್ಲಿ ಒಪ್ಪುವವರಲ್ಲ. ಯಾರಾದರೂ ಫೋನ್ ಮಾಡಿ ತೊಂದರೆ ವಿವರಿಸಿದರೆ ತಾಳ್ಮೆಯಿಂದ ಕೇಳಿಸಿಕೊಳ್ಳುತ್ತಿದ್ದರು. ಫೋನ್ ಇಟ್ಟ ಕೂಡಲೇ ನಮ್ಮ ಕಡೆ ತಿರುಗಿ, “ಇದರಲ್ಲಿ ಅರ್ಧ ಸುಳ್ಳು. ಯಾವ ಅರ್ಧ ಅಂತ ಹೋಗಿ ನೋಡು” ಎನ್ನುತ್ತಿದ್ದರು. ನಾನು ಅವರ ಕೈಕೆಳಗೆ ಪಳಗಿದವನು. ಆ ಸ್ವಭಾವ ನನಗೂ ಅಂಟಿತು.

ಹೋಂ ಸರ್ವರ್ ಎಂದರೆ ಏನು ಎಂಬುದನ್ನು ಒಂದು ಪ್ರಸಂಗದ ಮೂಲಕವೇ ಹೇಳುತ್ತೇನೆ. ಮಣಿಪಾಲದಲ್ಲಿ ಒಬ್ಬ ಪ್ರೊಫೆಸರರ ಫ್ಲ್ಯಾಟ್ ಇತ್ತು. ಊಟದ ಡಬ್ಬಿಯಷ್ಟೇ ಗಾತ್ರದ ಕಂಪ್ಯೂಟರೊಂದನ್ನು ಅವರು ಪುಸ್ತಕದ ಕಪಾಟಿನಲ್ಲಿ ಇಟ್ಟುಕೊಂಡಿದ್ದರು. ಅದನ್ನು ಆರಿಸುವ ಕ್ರಮವಿಲ್ಲ. ಮನೆಯವರ ಫೋಟೋಗಳು, ಅವರ ಪಾಠದ ಕಡತಗಳು ಎಲ್ಲವೂ ಅದರೊಳಗೆ. ಮನೆಯ ಯಾವ ಫೋನಿನಿಂದಲಾದರೂ ತೆರೆದು ನೋಡಬಹುದು. ತೆರೆಯಲು ಅದರ ವಿಳಾಸ ಗೊತ್ತಿರಬೇಕು. ಆ ವಿಳಾಸವೆಂದರೆ ಒಂದು ನಂಬರ್. ಮನೆಯ ರೂಟರ್ ತನ್ನ ವೈಫೈಗೆ ಬಂದ ಪ್ರತಿಯೊಂದಕ್ಕೂ, ಅದು ಟಿವಿಯಾಗಲಿ ಫೋನಾಗಲಿ ಸರ್ವರಾಗಲಿ, ಇಂಥ ಒಂದೊಂದು ನಂಬರ್ ಹಂಚುತ್ತದೆ. ಕರೆಂಟು ಹೋಗಿ ಬಂದರೆ ಕೆಲವೊಮ್ಮೆ ಹಂಚಿಕೆ ಹೊಸದಾಗಿ ಆಗುತ್ತದೆ. ನಿನ್ನೆ ಸರ್ವರಿನದ್ದಾಗಿದ್ದ ನಂಬರ್ ಇವತ್ತು ಟಿವಿಯದ್ದು.

ಪ್ರೊಫೆಸರರಿಗೆ ಆದದ್ದೂ ಅದೇ. ಪ್ರತಿ ಗುಡುಗು ಮಳೆಯ ಮರುದಿನ ಅವರಿಂದ ಫೋನ್. ನಾನು ಹೋಗಿ ಹೊಸ ನಂಬರ್ ಹುಡುಕಿ ಅವರ ಫೋನಿಗೆ ಹಾಕಿಕೊಡುವುದು. ಕೆಲವು ಸಲ ಹೀಗಾದ ಮೇಲೆ ಅವರು ಬಾಗಿಲಲ್ಲೇ ನಿಲ್ಲಿಸಿ, ನೀವು ಪುನಃ ಕರೆಯಲಿ ಎಂದೇ ಏನೋ ಮಾಡಿಟ್ಟು ಹೋಗುತ್ತೀರಿ ಅಲ್ವಾ ಎಂದು ಕೇಳಿದರು. ಒಳಗೆ ಕುಳಿತಿದ್ದ ಅವರ ಹೆಂಡತಿ ತಲೆ ತಗ್ಗಿಸಿದರು. ನನಗೆ ಮೈ ಉರಿಯಿತು. ಆದರೆ ಅವರ ಜಾಗದಲ್ಲಿ ನಿಂತು ನೋಡಿದರೆ ಆ ಸಂಶಯ ಸಹಜವೇ ಆಗಿತ್ತು. ನಾನು ಬಂದರೆ ಸರಿಯಾಗುತ್ತದೆ, ಹೋದರೆ ಹಾಳಾಗುತ್ತದೆ. ಅಂಗಡಿಗೆ ಬಂದು ಹೇಳಿದಾಗ ಭಾಸ್ಕರಣ್ಣ ಸರ್ವರಿಗೆ ಸ್ಥಿರವಾದ ನಂಬರ್ ಕೊಡುವುದನ್ನು ಕಲಿಸಿದರು. ರೂಟರ್ ಹಂಚಲಿ ಬಿಡಲಿ, ‘ನನ್ನ ನಂಬರ್ ಇದು’ ಎಂದು ಸರ್ವರಿನ ಒಳಗೇ ಬರೆದಿಡುವುದು. ನಮ್ಮ ಅಂಗಡಿಯಲ್ಲಿ ಇದಕ್ಕೆ ‘ನಂಬರ್ ಕಟ್ಟುವುದು’ ಎಂದು ಹೆಸರು. ಪ್ರೊಫೆಸರರ ಸರ್ವರಿಗೆ ನಂಬರ್ ಕಟ್ಟಿದೆ. ಆಮೇಲೆ ಅವರ ಫೋನ್ ಬರಲಿಲ್ಲ. ಎಷ್ಟು ಗುಡುಗಿದರೂ ಬರಲಿಲ್ಲ. ಆದರೆ ದಾರಿಯಲ್ಲಿ ಕಂಡಾಗ ಅವರು ಮುಖ ನೋಡುತ್ತಿರಲಿಲ್ಲ.

ಸಂಶಯ ನಿಜವಾದದ್ದೂ ಉಂಟು. ಕಾರ್ಕಳದಲ್ಲಿ ಗ್ರಾನೈಟ್ ವ್ಯಾಪಾರ ಮಾಡುವ ಭಾವ ಮೈದುನ ಇಬ್ಬರಿದ್ದರು. ವ್ಯವಹಾರದ ಕಡತಗಳೆಲ್ಲ ಭಾವನ ಮನೆಯ ಸರ್ವರಿನಲ್ಲಿ. ಮೈದುನ ತನ್ನ ಮನೆಯಿಂದಲೇ ಅದನ್ನು ತೆರೆದು ನೋಡುತ್ತಿದ್ದ. ಒಂದು ದಿನದಿಂದ ಅವನಿಗೆ ತೆರೆಯುವುದು ನಿಂತಿತು. ಸಿಡಿಲಿಗೆ ಮಷೀನು ಹೋಗಿದೆ ಎಂದು ಭಾವ ಹೇಳಿದನಂತೆ. ಮೈದುನ ನಂಬಲಿಲ್ಲ, ನಮ್ಮನ್ನು ಕರೆದ. ನಾನು ಹೋದಾಗ ಭಾವನೇ ಎದುರು ಬಂದು ಎಳನೀರು ಕೊಟ್ಟು ಬಹಳ ಉಪಚರಿಸಿದ. ಮಷೀನು ನೋಡುವುದೇನೂ ಬೇಡ, ಸುಟ್ಟು ಹೋಗಿದೆ, ಹೊಸದಕ್ಕೆ ರೇಟು ಹೇಳಿ ಸಾಕು ಎಂದ. ಸಿಡಿಲು ಬಡಿದ ಮನೆಯಲ್ಲಿ ಟಿವಿ, ರೂಟರ್ ಎಲ್ಲ ಚೆನ್ನಾಗಿ ನಡೆಯುತ್ತಿದ್ದವು. ಕೈತೊಳೆಯುವ ನೆಪದಲ್ಲಿ ಒಳಗೆ ಹೋದೆ. ಸರ್ವರಿನ ಹಸಿರು ದೀಪ ಮಿಣುಗುಟ್ಟುತ್ತಿತ್ತು. ಆಮೇಲೆ ಗೊತ್ತಾದ ಹಾಗೆ, ಅವನು ಯಾರಿಂದಲೋ ಅದರ ನಂಬರ್ ಬದಲಾಯಿಸಿಕೊಂಡು, ಹೊಸ ನಂಬರನ್ನು ತಾನೊಬ್ಬನೇ ಇಟ್ಟುಕೊಂಡಿದ್ದ. ನಾನು ಹೊರಗೆ ಬಂದು ಮೈದುನನಿಗೆ ಕಂಡದ್ದನ್ನು ಹೇಳಿದೆ. ಮುಂದೆ ಅವರ ಪಾಲುದಾರಿಕೆ ಮುರಿಯಿತು, ಎರಡು ಮನೆಗಳ ನಡುವೆ ಹೋಗಿ ಬರುವುದೂ ನಿಂತಿತು.

ಭಾಸ್ಕರಣ್ಣನಿಗೆ ಇದು ಬಹಳ ಹಿಡಿಸಿತು. ಮಷೀನು ಸುಳ್ಳು ಹೇಳುವುದಿಲ್ಲ, ಹೇಳುವುದು ಮನುಷ್ಯರೇ ಎಂದು ಅಂಗಡಿಗೆ ಬಂದವರಿಗೆಲ್ಲ ಈ ಕಥೆ ಹೇಳುತ್ತಿದ್ದರು. ನನಗೂ ಒಳಗೊಳಗೆ ಹೆಮ್ಮೆಯಾಗಿತ್ತು. ಯಾವ ಮನೆಗೆ ಹೋದರೂ ಮೊದಲು ತಂತಿ ನೋಡುವ ಬದಲು ಮುಖಗಳನ್ನು ನೋಡುವುದು ನನಗೆ ಆಗಲೇ ಅಭ್ಯಾಸವಾದದ್ದು. ಕಾಪುವಿನ ಮನೆಗೆ ಹೋದದ್ದೂ ಹಾಗೆಯೇ.

ಕಾಪುವಿನ ಮನೆ ಹೈವೇಗೂ ಸಮುದ್ರಕ್ಕೂ ನಡುವಿನ ಒಂದು ಓಣಿಯಲ್ಲಿತ್ತು. ಅಲ್ಲಿ ಇದ್ದವರು ವಸಂತಿ ಮೇಡಂ ಮತ್ತು ಅವರ ತಾಯಿ ಗಿರಿಜಮ್ಮ. ಮೇಡಂ ಉಡುಪಿಯ ಒಂದು ಕಾಲೇಜಿನಲ್ಲಿ ಉಪನ್ಯಾಸಕಿ, ಮದುವೆಯಾಗಿರಲಿಲ್ಲ. ತಾಯಿಗೆ ಪಾರ್ಶ್ವವಾಯು ಬಡಿದು ಬಲಗಡೆ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಮಗಳು ಕಾಲೇಜಿಗೆ ಹೋದಾಗ ನೋಡಿಕೊಳ್ಳಲು ಕಲ್ಯಾಣಪುರದಿಂದ ಸೆಲಿನ್ ಎಂಬ ಹೋಂ ನರ್ಸ್ ಬೆಳಿಗ್ಗೆ ಬಸ್ಸಿನಲ್ಲಿ ಬಂದು ಸಂಜೆ ಹೋಗುತ್ತಿದ್ದಳು. ಮೇಡಂನ ತಮ್ಮ ಜಗದೀಶ ಮಸ್ಕತ್ತಿನಲ್ಲಿ. ತಾಯಿಯನ್ನು ಅಲ್ಲಿಂದಲೇ ನೋಡಬೇಕೆಂದು ಅವನು ರಜೆಯಲ್ಲಿ ಬಂದಾಗ ಮನೆಗೆ ಕ್ಯಾಮೆರಾಗಳನ್ನೂ ಒಂದು ಸರ್ವರನ್ನೂ ಹಾಕಿಸಿದ್ದ. ಕ್ಯಾಮೆರಾ ಕಂಡದ್ದೆಲ್ಲ ಸರ್ವರಿನಲ್ಲಿ ಉಳಿಯುತ್ತಿತ್ತು. ಅಕ್ಕ ಕಾಲೇಜಿನಿಂದ, ತಮ್ಮ ಮಸ್ಕತ್ತಿನಿಂದ ಫೋನಿನಲ್ಲಿ ನೋಡುತ್ತಿದ್ದರು. ಜಗದೀಶ ಭಾಸ್ಕರಣ್ಣನ ತಮ್ಮನ ಗೆಳೆಯ. ಆದ್ದರಿಂದ ಆ ಕೆಲಸಕ್ಕೆ ನಮ್ಮನ್ನು ಕಳುಹಿಸದೆ ಭಾಸ್ಕರಣ್ಣನೇ ಹೋಗಿ ಎಲ್ಲ ಜೋಡಿಸಿ ಬಂದಿದ್ದರು.

ಒಂದು ವರ್ಷ ಏನೂ ತೊಂದರೆಯಿರಲಿಲ್ಲ. ಆಮೇಲೆ ಮಧ್ಯಾಹ್ನದ ಹೊತ್ತು ಕ್ಯಾಮೆರಾ ಕಪ್ಪಾಗತೊಡಗಿತು. ಸ್ವಲ್ಪ ಹೊತ್ತು ಹೋಗುವುದು, ತಾನಾಗಿ ಬರುವುದು. ಆ ಹೊತ್ತಿನ ಚಿತ್ರ ಸರ್ವರಿನಲ್ಲೂ ಇಲ್ಲ. ಜಗದೀಶನೇ ಮೊದಲು ಗಮನಿಸಿದ್ದು. ಸೆಲಿನ್ ಬಾರದ ಭಾನುವಾರ ಒಮ್ಮೆಯೂ ಹೋಗುವುದಿಲ್ಲ. ಅವಳು ರಜೆ ಹಾಕಿದ ದಿನ ಹೋಗುವುದಿಲ್ಲ. ಒಂದು ದಿನ ಮೇಡಂ ರಜೆ ಹಾಕಿ ಮನೆಯಲ್ಲೇ ಕುಳಿತರು, ಅಂದು ಸೆಲಿನ್ ಇದ್ದರೂ ಕ್ಯಾಮೆರಾ ಸರಿಯಾಗಿತ್ತು. ಮರುದಿನ ಮೇಡಂ ಕಾಲೇಜಿಗೆ ಹೋದ ಮೇಲೆ ಪುನಃ ಕಪ್ಪು. ಇನ್ನೊಂದು ಸಂಗತಿಯೂ ಇತ್ತು. ಇದೆಲ್ಲ ಶುರುವಾದದ್ದು ಸೆಲಿನ್ ಹೊಸ ಸ್ಮಾರ್ಟ್ ಫೋನ್ ತಂದ ಮೇಲೆ. ಕಪ್ಪಾಗುವ ಮೊದಲಿನ ಚಿತ್ರಗಳಲ್ಲಿ ಹೆಚ್ಚಾಗಿ ಅವಳ ಕೈಯಲ್ಲಿ ಆ ಫೋನ್ ಇರುತ್ತಿತ್ತು.

ಇಷ್ಟಾದರೆ ಕ್ಯಾಮೆರಾದ ಸಂಗತಿ ಎಂದು ಬಿಡಬಹುದಿತ್ತು. ಆದರೆ ಗಿರಿಜಮ್ಮನ ಎಡಗೈಯಲ್ಲಿ, ಮೊಣಕೈಯ ಮೇಲೆ, ನೀಲಿಗಟ್ಟಿದ ಗುರುತು ಕಂಡಿತು. ಸ್ವಲ್ಪ ದಿನ ಬಿಟ್ಟು ಇನ್ನೊಂದು. ಮಾತಾಡಲಾಗದ ತಾಯಿ, ಮೈಮೇಲೆ ನೀಲಿ ಗುರುತು, ಅದೇ ಹೊತ್ತಿಗೆ ಕ್ಯಾಮೆರಾ ಕಪ್ಪು. ಯಾರಾದರೂ ಏನು ಯೋಚಿಸಿಯಾರು? ಜಗದೀಶ ಪರಿಚಯದ ಒಬ್ಬ ಪೊಲೀಸರೊಡನೆ ಮಾತಾಡಿ ಇಟ್ಟಿದ್ದ. ನರ್ಸ್ ಕ್ಯಾಮೆರಾ ಕೆಡಿಸುತ್ತಿದ್ದಾಳೆ ಎಂದು ನಾವು ಖಚಿತವಾಗಿ ಹೇಳಿದರೆ ಅದೇ ಸಂಜೆ ಕಂಪ್ಲೇಂಟ್ ಕೊಡುವುದೆಂದು ತೀರ್ಮಾನವಾಗಿತ್ತು.

ಭಾಸ್ಕರಣ್ಣ ನನ್ನನ್ನು ಕಳುಹಿಸಿದರು. ಅವಳಿಗೆ ಗೊತ್ತಾಗಬಾರದು, ಕ್ಯಾಮೆರಾ ಕ್ಲೀನ್ ಮಾಡಲು ಬಂದದ್ದೆಂದು ಹೇಳು ಎಂದರು. ಕಾಪುವಿನ ಉಪ್ಪುಗಾಳಿಗೆ ಕೇಬಲಿನ ಪಿನ್ನುಗಳು ಹಸಿರುಗಟ್ಟುವುದು ಇದ್ದದ್ದೇ, ಆದ್ದರಿಂದ ನೆಪಕ್ಕೆ ಕೊರತೆಯಿರಲಿಲ್ಲ. ಮೇಡಂ ಕಾಲೇಜಿಗೆ ಹೋದ ಮೇಲೆ ನಾನು ಹೋದೆ. ಸೆಲಿನ್ ಬಾಗಿಲು ತೆರೆದಳು. ನಲವತ್ತು ದಾಟಿದ ಹೆಂಗಸು, ತಲೆಗೂದಲನ್ನು ಬಿಗಿಯಾಗಿ ಕಟ್ಟಿದ್ದಳು. ಮೇಡಂಗೆ ಅವಳು ಅಕ್ಕ ಎನ್ನುತ್ತಿದ್ದಳು. ಅಕ್ಕ ಹೇಳಿದ್ದಾರೆ ಎಂದು ಒಳಗೆ ಬಿಟ್ಟು, ಗಿರಿಜಮ್ಮನಿಗೆ ಗಂಜಿ ಕುಡಿಸುವ ಕೆಲಸಕ್ಕೆ ಮರಳಿದಳು. ಒಂದೊಂದು ಚಮಚಕ್ಕೂ ಆ ಮುದುಕಿ ಅವಳ ಮುಖವನ್ನೇ ನೋಡುತ್ತಿದ್ದರು. ಅದು ಪ್ರೀತಿಯೋ ಹೆದರಿಕೆಯೋ ನನಗೆ ತಿಳಿಯಲಿಲ್ಲ. ಹೆದರಿಕೆ ಎಂದೇ ಇಟ್ಟುಕೊಂಡೆ.

ಪಿನ್ನುಗಳನ್ನು ಒರೆಸಿ, ಜಗಲಿಯಲ್ಲಿ ಕುಳಿತು ಲ್ಯಾಪ್‌ಟಾಪ್ ತೆರೆದೆ. ಸರ್ವರಿಗೆ ‘ಇದ್ದೀಯಾ’ ಎಂದು ಕೇಳುತ್ತಲೇ ಇರುವ ಒಂದು ವಿಧಾನ ನಮ್ಮಲ್ಲಿ ಉಂಟು. ಅದು ‘ಇದ್ದೇನೆ’ ಎಂದು ಉತ್ತರಿಸುತ್ತಿರುವವರೆಗೆ ಪರದೆಯ ಮೇಲೆ ಸಾಲುಗಳು ಬರುತ್ತಿರುತ್ತವೆ. ಬೆಳಗ್ಗೆಯಿಡೀ ಸಾಲುಗಳು ಒಂದೂ ತಪ್ಪದೆ ಬಂದವು. ಮಧ್ಯಾಹ್ನ ಗಿರಿಜಮ್ಮನಿಗೆ ನಿದ್ದೆ ಹತ್ತಿತು. ಕಿಟಕಿಯಿಂದ ನನಗೆ ಕೋಣೆ ಕಾಣುತ್ತಿತ್ತು. ಸೆಲಿನ್ ಹೊದಿಕೆ ಸರಿಮಾಡಿ, ಕುರ್ಚಿಯಲ್ಲಿ ಕುಳಿತು ಫೋನ್ ತೆಗೆದಳು. ನನ್ನ ಪರದೆಯ ಸಾಲುಗಳು ನಿಂತವು. ಅವಳು ಫೋನ್ ಕೆಳಗಿಟ್ಟು ಗಿರಿಜಮ್ಮನ ಮಗ್ಗುಲು ಬದಲಿಸಿದಳು. ಸಾಲುಗಳು ಬರತೊಡಗಿದವು. ಪುನಃ ಫೋನ್ ತೆಗೆದಳು, ಪುನಃ ನಿಂತವು.

ಸಿಕ್ಕಿಬಿದ್ದಳು ಎಂದುಕೊಂಡೆ. ಆ ಕ್ಷಣ ನನಗೆ ಸಂತೋಷವಾದದ್ದು ನಿಜ. ಕಾರ್ಕಳದ ಭಾವನ ಎಳನೀರು ನೆನಪಾಯಿತು. ಎದ್ದು ಒಳಗೆ ಹೋಗಿ, ನಿಮ್ಮ ಫೋನ್ ಸ್ವಲ್ಪ ಕೊಡುತ್ತೀರಾ ಎಂದು ಕೇಳಿದೆ. ಅವಳು ಅಡಗಿಸುತ್ತಾಳೆ, ಇಲ್ಲವೇ ಯಾಕೆ ಎಂದು ಜಗಳಕ್ಕೆ ಬರುತ್ತಾಳೆ ಎಂದು ನೋಡುತ್ತಿದ್ದೆ. ಅವಳು ಲಾಕ್ ತೆಗೆದು ನನ್ನ ಕೈಗೆ ಇಟ್ಟಳು.

“ನೀವು ಕ್ಯಾಮೆರಾ ನೋಡ್ಲಿಕ್ಕೆ ಬಂದದ್ದಲ್ಲ. ನನ್ನನ್ನು ನೋಡ್ಲಿಕ್ಕೆ ಬಂದದ್ದು, ಅಲ್ವಾ?” ಎಂದಳು.

ನಾನು ಫೋನಿನ ಪರದೆಯತ್ತ ಕಣ್ಣು ಹಾಯಿಸಿದೆ.

“ನೋಡಿ. ಅದರಲ್ಲಿ ಎಂತ ಉಂಟು ನೋಡಿ. ಈ ಮನೆಯಲ್ಲಿ ನನ್ನ ಫೋನಿಗೆ ನೆಟ್ಟೇ ಸರಿ ಬರುವುದಿಲ್ಲ. ಹಾಡು ಹಾಕಿದರೆ ನಡುವಿನಲ್ಲಿ ನಿಲ್ಲುತ್ತದೆ. ಅಕ್ಕನಿಗೆ ಎಷ್ಟು ಸಲ ಹೇಳಿದ್ದೇನೆ.”

ಕೊಂಕಣಿ ಭಕ್ತಿಗೀತೆಯೊಂದು ಅರ್ಧದಲ್ಲಿ ನಿಂತಿತ್ತು. ಅದು ಬಿಟ್ಟು ಕ್ಯಾಮೆರಾ ಕೆಡಿಸುವ ಯಾವುದೂ ಅದರಲ್ಲಿ ಇರಲಿಲ್ಲ. ಅವಳ ಮಾತು ಮಾತ್ರ ತಲೆಯಲ್ಲಿ ಕುಳಿತಿತು. ಕೆಡಿಸುವವಳ ನೆಟ್ ಯಾಕೆ ಕೆಡಬೇಕು? ವೈಫೈಯ ವಿವರ ತೆರೆದೆ. ರೂಟರ್ ಆ ಫೋನಿಗೆ ಕೊಟ್ಟ ನಂಬರಿನ ಕೊನೆಯ ಅಂಕಿ ಐದು. ಜಗಲಿಗೆ ಬಂದು ಸರ್ವರಿನ ನಂಬರ್ ನೋಡಿದೆ. ಅದರದ್ದೂ ಐದು. ಒಂದೇ ಮನೆಯಲ್ಲಿ ಒಂದೇ ವಿಳಾಸದ ಎರಡು ಇದ್ದವು. ಫೋನ್ ಮಾತಾಡುವಾಗ ಸರ್ವರಿಗೆ ಬಾಯಿ ಕಟ್ಟುತ್ತಿತ್ತು, ಸರ್ವರ್ ಮಾತಾಡುವಾಗ ಫೋನಿಗೆ.

ಸರ್ವರಿಗೆ ನಂಬರ್ ಕಟ್ಟುವಾಗ ಒಂದು ಎಚ್ಚರ ಬೇಕು. ರೂಟರ್ ಇಂತಿಷ್ಟರಿಂದ ಇಂತಿಷ್ಟರವರೆಗೆ ಎಂದು ಒಂದು ಸಾಲಿನ ನಂಬರ್‌ಗಳನ್ನು ಹಂಚಲು ಇಟ್ಟುಕೊಂಡಿರುತ್ತದೆ. ನಾವು ಕಟ್ಟುವ ನಂಬರ್ ಆ ಸಾಲಿನಿಂದ ಹೊರಗಿರಬೇಕು. ಇಲ್ಲಿ ಐದು ಆ ಸಾಲಿನ ಒಳಗೇ ಇತ್ತು. ಸರ್ವರ್ ಐದನ್ನು ತಾನೇ ಹಾಕಿಕೊಂಡು ಕುಳಿತದ್ದು ರೂಟರಿಗೆ ಗೊತ್ತಿರಲಿಲ್ಲ. ಒಂದು ವರ್ಷ ಅದೃಷ್ಟಕ್ಕೆ ಐದು ಯಾರಿಗೂ ಹೋಗಲಿಲ್ಲ. ಸೆಲಿನ್‌ಳ ಹಳೆಯ ಫೋನಿಗೆ ಬೇರೆ ನಂಬರ್ ಇದ್ದಿರಬೇಕು. ಹೊಸ ಫೋನ್ ಬಂದಾಗ ರೂಟರ್ ಅದಕ್ಕೆ ಐದನ್ನು ಎತ್ತಿಕೊಟ್ಟಿತು, ಆಮೇಲೆ ಅವಳು ಬಂದಾಗಲೆಲ್ಲ ಅದನ್ನೇ ಕೊಡುತ್ತ ಬಂತು. ಮೇಡಂ ಮನೆಯಲ್ಲಿದ್ದ ದಿನ ಮರ್ಯಾದೆಗೆ ಅವಳು ಫೋನ್ ಮುಟ್ಟಿರಲಿಲ್ಲ, ಕ್ಯಾಮೆರಾ ಸರಿಯಿತ್ತು.

ಅಂಗಳಕ್ಕೆ ಇಳಿದು ಭಾಸ್ಕರಣ್ಣನಿಗೆ ಫೋನ್ ಮಾಡಿದೆ. ಸರ್ವರಿಗೆ ಐದು ಕೊಟ್ಟದ್ದು ನೀವೋ ಎಂದು ಕೇಳಿದೆ. ಅವರಿಗೆ ಕೂಡಲೇ ಅರ್ಥವಾಯಿತು.

“ರೂಟರ್ ಹಾಳಾಗಿತ್ತು ಅಂತ ಹೇಳು. ಹೊಸತು ಹಾಕಿ ಕೊಡುವ. ನಂಬರ್ ಬದಲಾಯಿಸಿ ಬಾ” ಎಂದರು.

“ಮತ್ತೆ ಆ ಹೆಂಗಸು?”

“ಅದು ಅವರ ಮನೆಯ ವಿಷಯ ಮಾರಾಯ. ನಮಗೆ ಎಂತಕ್ಕೆ?”

ನಾನು ಬಹಳ ಹೊತ್ತು ಆ ಅಂಗಳದಲ್ಲಿ ನಿಂತೆ. ನಂಬರ್ ಬದಲಾಯಿಸುವುದು ಕ್ಷಣದ ಕೆಲಸ. ಆಮೇಲೆ ಕ್ಯಾಮೆರಾ ಹೋಗುವುದೇ ಇಲ್ಲ. ಆದರೆ ಹಾಗೆ ಸುಮ್ಮನೆ ಸರಿಮಾಡಿ ಹೋದರೆ ಈ ಮನೆಯವರು ಏನು ತಿಳಿದುಕೊಳ್ಳುತ್ತಾರೆ? ಟೆಕ್ನಿಶಿಯನ್ ಬಂದದ್ದು ಕಂಡು ಹೆದರಿದಳು, ಅದಕ್ಕೇ ನಿಲ್ಲಿಸಿದಳು ಎನ್ನುತ್ತಾರೆ. ನಾನು ಸರಿಮಾಡಿದ್ದೇ ಅವಳ ಮೇಲಿನ ಸಾಕ್ಷಿಯಾಗುತ್ತದೆ. ರೂಟರ್ ಹಾಳು ಎಂದರೂ ಜಗದೀಶ ಬಿಡುವವನಲ್ಲ, ಅವಳು ಇದ್ದಾಗ ಮಾತ್ರ ಹಾಳಾಗುವ ರೂಟರ್ ಯಾವುದು ಎಂದು ಕೇಳುತ್ತಾನೆ. ಇತ್ತ ಭಾಸ್ಕರಣ್ಣ ನನಗೆ ಅನ್ನ ಕೊಟ್ಟವರು. ನಾನು ಪ್ರಾಯ ಕಳೆದವನು, ಇನ್ನೊಂದು ಅಂಗಡಿಯಲ್ಲಿ ಯಾರು ಕರೆದು ಕೆಲಸ ಕೊಡುತ್ತಾರೆ? ಒಳಗಿನಿಂದ ಸೆಲಿನ್ ಗಿರಿಜಮ್ಮನೊಡನೆ ಮೆಲ್ಲನೆ ಏನೋ ಮಾತಾಡುವುದು ಕೇಳಿಸುತ್ತಿತ್ತು. ಉತ್ತರ ಬಾರದ ಮಾತು. ನಾನು ಯಾವುದನ್ನೂ ಬದಲಾಯಿಸಲಿಲ್ಲ. ಮೇಡಂಗೆ ಫೋನ್ ಮಾಡಿ, ಆದಷ್ಟು ಬೇಗ ಬನ್ನಿ, ತಮ್ಮನನ್ನೂ ವಿಡಿಯೋದಲ್ಲಿ ಕರೆಯಿರಿ ಎಂದೆ.

ಮೇಡಂ ಬಂದರು. ಮುಖ ಬಾಡಿತ್ತು. ಸೆಲಿನ್‌ಳನ್ನು ನೋಡದೆ ನೇರ ತಾಯಿಯ ಹತ್ತಿರ ಹೋಗಿ ಕೈ ಮುಟ್ಟಿ ನೋಡಿದರು. ಊಟದ ಮೇಜಿನ ಮೇಲೆ ಅವರ ಲ್ಯಾಪ್‌ಟಾಪಿನಲ್ಲಿ ಜಗದೀಶನ ಮುಖ, ಪಕ್ಕದಲ್ಲಿ ನನ್ನ ಲ್ಯಾಪ್‌ಟಾಪ್, ಮೇಡಂನ ಫೋನಿನಲ್ಲಿ ಗಿರಿಜಮ್ಮನ ಕೋಣೆ. ಸೆಲಿನ್ ಬಾಗಿಲ ಹತ್ತಿರ ನಿಂತಳು. ಒಂದು ಹಾಡು ಹಾಕಿ ಎಂದು ಅವಳಿಗೆ ಹೇಳಿದೆ. ಹಾಕಿದಳು. ಮೇಡಂನ ಫೋನಿನಲ್ಲಿ ಕೋಣೆ ಕಪ್ಪಾಯಿತು. ವೈಫೈ ಆಫ್ ಮಾಡಿ ಎಂದೆ. ಕೋಣೆ ಬಂತು.

“ನಾನು ಹೇಳಿದ್ದು ಅದೇ ಅಲ್ವಾ” ಎಂದ ಜಗದೀಶ. “ಅವಳ ಫೋನಿಂದಲೇ ಹೋಗುವುದು. ಅಕ್ಕ, ಇನ್ನೆಂತ ನೋಡ್ಲಿಕ್ಕುಂಟು?”

ಸೆಲಿನ್ ನನ್ನನ್ನು ನೋಡಿದ ರೀತಿ ಈಗಲೂ ಕಣ್ಣ ಮುಂದೆ ಇದೆ. ನಾನು ಅವಳನ್ನು ಮೋಸದಿಂದ ಸಿಕ್ಕಿಸಿದೆ ಎಂದೇ ಅವಳು ತಿಳಿದಿದ್ದಳು. ಅವಳ ಫೋನನ್ನು ಪೂರ್ತಿ ಆರಿಸಿ ಮೇಜಿನ ಮೇಲೆ ಇಡಲು ಹೇಳಿ, ನನ್ನದೇ ಫೋನ್ ತೆಗೆದು ಅದಕ್ಕೆ ಐದನೇ ನಂಬರ್ ಹಾಕಿದೆ. ನಾನೂ ಒಂದು ಹಾಡು ಹಾಕಿದೆ. ಕೋಣೆ ಕಪ್ಪಾಯಿತು.

“ಈಗ ಕೆಡಿಸಿದ್ದು ನಾನು” ಎಂದೆ.

ಆಗ ನಾನು ಕ್ಲಿನಿಕ್ಕಿನ ಟೋಕನ್ನಿನ ಲೆಕ್ಕದಲ್ಲಿ ವಿವರಿಸಿದೆ. ಬಾಗಿಲಲ್ಲಿ ಕುಳಿತವಳು ಬಂದವರಿಗೆ ಟೋಕನ್ ಕೊಡುತ್ತಾಳೆ. ಅವಳಿಗೆ ಹೇಳದೆ ಒಬ್ಬ ತಾನೇ ಐದು ಎಂದು ಚೀಟಿ ಬರೆದುಕೊಂಡು ಒಳಗೆ ಕುಳಿತಿದ್ದಾನೆ. ಅವಳು ಇನ್ನೊಬ್ಬರಿಗೆ ಐದು ಕೊಡುತ್ತಾಳೆ. ಡಾಕ್ಟರು ಐದು ಎಂದು ಕರೆದರೆ ಇಬ್ಬರೂ ಏಳುತ್ತಾರೆ. ಟೋಕನ್ ಪಡೆದವಳದ್ದು ತಪ್ಪಲ್ಲ. ಸರ್ವರಿಗೆ ಚೀಟಿ ಬರೆದುಕೊಟ್ಟದ್ದು ನಮ್ಮ ಅಂಗಡಿ, ಭಾಸ್ಕರಣ್ಣ. ಅದನ್ನೂ ಹೇಳಿದೆ.

ಜಗದೀಶ, ಹಾಗಾದರೆ ಅಮ್ಮನ ಕೈಯ ಗುರುತು ಎಂದು ಕೇಳಿದ. ಸೆಲಿನ್ ಆಗ ಮೊದಲ ಸಲ ಬಾಯಿ ತೆರೆದಳು. ರಕ್ತ ತೆಳುವಾಗಲು ಕೊಡುವ ಮಾತ್ರೆ ಶುರುವಾದ ಮೇಲೆ ಹಾಗೆ ಆಗುವುದು, ಮಗ್ಗುಲು ಬದಲಿಸಲು ಹಿಡಿದರೂ ನೀಲಿಗಟ್ಟುವುದು, ಮೊದಲ ಗುರುತು ಕಂಡ ದಿನವೇ ಅಕ್ಕನಿಗೆ ಹೇಳಿದ್ದೆ ಎಂದಳು. ಮೇಡಂ ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದರು. ಡಾಕ್ಟರು ಹೇಳಿದ್ದೂ ಅದೇ. ಮಾತ್ರೆ ಬರೆಯುವಾಗ ನಿಮಗೆ ಹೇಳಿದ್ದೆನಲ್ಲ ಎಂದೂ ಕೇಳಿದರಂತೆ. ಮೇಡಂ ಫೋನ್ ಇಟ್ಟರು. ಸಂಶಯ ಬಂದ ಮೇಲೆ ಡಾಕ್ಟರು ಹೇಳಿದ್ದು, ಸೆಲಿನ್ ಹೇಳಿದ್ದು ಯಾವುದೂ ಅವರ ನೆನಪಿಗೆ ಬಂದಿರಲಿಲ್ಲ. ಮಸ್ಕತ್ತಿನ ಮುಖ ಪರದೆಯಿಂದ ಸದ್ದಿಲ್ಲದೆ ಮರೆಯಾಯಿತು.

“ಸೆಲಿನ್, ನನ್ನದು ತಪ್ಪಾಯಿತು” ಎಂದರು ಮೇಡಂ. “ಇವತ್ತೇ ಕ್ಯಾಮೆರಾ ತೆಗೆಸಿಬಿಡುತ್ತೇನೆ. ಇನ್ನು ಈ ಮನೆಯಲ್ಲಿ ಅದು ಬೇಡ.”

ಸೆಲಿನ್ ಸೆರಗಿನಿಂದ ಮುಖ ಒರೆಸಿಕೊಂಡಳು. “ಬೇಡ ಮೇಡಂ, ತೆಗೆಯಬೇಡಿ” ಎಂದಳು. ಅಷ್ಟರವರೆಗೆ ಅಕ್ಕ ಎನ್ನುತ್ತಿದ್ದವಳು ಮೇಡಂ ಎಂದದ್ದು ನನಗೂ ಕೇಳಿಸಿತು. “ಅದು ಇರಲಿ. ಒಂದು ನಿಮಿಷವೂ ಹೋಗದ ಹಾಗೆ ಇವರಲ್ಲಿ ಸರಿಮಾಡಿಸಿ. ನಾಳೆ ಅಮ್ಮನಿಗೆ ಏನಾದರೂ ಆದರೆ ನನ್ನ ಕಡೆಯಿಂದ ಹೇಳ್ಲಿಕ್ಕೆ ಅದೊಂದಾದರೂ ಬೇಕು.”

ಸರ್ವರಿನೊಳಗೆ ನಂಬರ್ ಕಟ್ಟುವುದನ್ನು ಬಿಟ್ಟು, ಈ ಸರ್ವರಿಗೆ ಯಾವಾಗಲೂ ಇದೇ ನಂಬರ್, ಬೇರೆ ಯಾರಿಗೂ ಕೊಡಬೇಡ ಎಂದು ರೂಟರಿನಲ್ಲೇ ಬರೆದಿಟ್ಟೆ. ಈಗ ಎಲ್ಲರೂ ಮಾಡಬೇಕಾದ ಕ್ರಮ ಅದೇ. ಹೊಸ ಹುಡುಗರು ಇದೊಂದನ್ನು ನೆನಪಿಟ್ಟುಕೊಳ್ಳಿ, ಹಂಚುವವನಿಗೆ ತಿಳಿಸದೆ ಯಾವ ನಂಬರನ್ನೂ ಕಟ್ಟಬೇಡಿ. ಸೆಲಿನ್‌ಳ ಫೋನನ್ನು ವೈಫೈಗೆ ಸೇರಿಸಿ ಕೊಡುತ್ತೇನೆ, ಇನ್ನು ನೆಟ್ ಚೆನ್ನಾಗಿ ಬರುತ್ತದೆ ಎಂದೆ. ಅವಳು ಬೇಡವೆಂದು ಫೋನನ್ನು ಹಿಂದಕ್ಕೆ ತೆಗೆದುಕೊಂಡಳು.

ಮರುದಿನ ಭಾಸ್ಕರಣ್ಣ ‘ನನ್ನ ಹೆಸರು ಹೇಳಿದ್ದೀಯಾ’ ಎಂದು ಮಾತ್ರ ಕೇಳಿದರು. ಹೇಳಿದೆ ಎಂದೆ. ಆಮೇಲೆ ಕೆಲವು ವಾರ ಅವರು ನನ್ನೊಡನೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಕೆಲಸದಿಂದ ತೆಗೆಯುತ್ತಾರೆ ಎಂದು ದಿನವೂ ಕಾಯುತ್ತಿದ್ದೆ, ತೆಗೆಯಲಿಲ್ಲ. ಒಂದು ಬೆಳಿಗ್ಗೆ ಸ್ಕೂಟರಿನ ಕೀ ನನ್ನ ಕೈಗೆ ಕೊಟ್ಟು, ತಾವು ಹಿಂದೆ ನಂಬರ್ ಕಟ್ಟಿದ ಮನೆಗಳಿಗೆಲ್ಲ ಹೋಗಿ ನೋಡಿ ಬರಲು ಹೇಳಿದರು. ಯಾಕೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಲ್ಯಾಣಪುರದಿಂದ ಕಾರ್ಕಳದವರೆಗೆ ತಿರುಗಿದೆ. ಎಷ್ಟೋ ಕಡೆ ಅದೇ ತಪ್ಪು ಇತ್ತು. ಅಲ್ಲಿ ಯಾರು ಯಾರ ಮೇಲೆ ಏನೇನು ಅನುಮಾನಪಟ್ಟಿದ್ದರೋ, ಅದನ್ನು ಕೇಳುವ ಧೈರ್ಯ ನನಗಾಗಲಿಲ್ಲ. ಸುಮ್ಮನೆ ಸರಿಮಾಡಿ ಬಂದೆ.

ಸೆಲಿನ್ ಆ ಮನೆಯ ಕೆಲಸ ಬಿಡಲಿಲ್ಲ. ಗಿರಿಜಮ್ಮ ಬೇರೆ ಯಾರ ಕೈಯಿಂದಲೂ ಗಂಜಿ ಕ್ರಮವಾಗಿ ಕುಡಿಯುತ್ತಿರಲಿಲ್ಲವಂತೆ. ಮೇಡಂ ಕಾಲೇಜಿನಿಂದ ಕ್ಯಾಮೆರಾ ನೋಡುವುದನ್ನು ಬಿಟ್ಟರು. ಆದರೆ ಬೆಳಿಗ್ಗೆ ಬಂದ ಕೂಡಲೇ ಸೆಲಿನ್ ಅದರ ದೀಪ ಉರಿಯುತ್ತಿದೆಯೇ ಎಂದು ನೋಡಿಯೇ ಗಿರಿಜಮ್ಮನನ್ನು ಮುಟ್ಟುತ್ತಿದ್ದಳು. ಮರುವರ್ಷದ ಮಳೆಗಾಲ ಕಳೆದು ಗಿರಿಜಮ್ಮ ತೀರಿಕೊಂಡರು. ಕೊನೆಯ ಹೊತ್ತಿಗೆ ಸೆಲಿನ್ ಹತ್ತಿರ ಇದ್ದಳು.

ಕ್ಯಾಮೆರಾ ತೆಗೆಯಲು ಮೇಡಂ ನನ್ನನ್ನು ಕರೆದರು. ನಾನು ಏಣಿಯ ಮೇಲಿದ್ದೆ, ಅವರು ಖಾಲಿ ಮಂಚದ ಅಂಚಿನಲ್ಲಿ ಕುಳಿತಿದ್ದರು. ಸೆಲಿನ್ ಈಗ ಎಲ್ಲಿದ್ದಾರೆ ಎಂದು ಕೇಳಿದೆ. ಬ್ರಹ್ಮಾವರದ ಕಡೆ ಯಾವುದೋ ಮನೆ ಎಂದರು. ಮತ್ತೆ ತಾವಾಗಿಯೇ ಹೇಳಿದರು.

“ಹೋಗುವ ದಿನ ಬಸ್ಸಿಗೆ ಬಿಡ್ಲಿಕ್ಕೆ ಹೈವೇವರೆಗೆ ಹೋಗುವ ಅಂತ ಹೊರಟೆ. ನಮ್ಮ ಗೇಟಿನ ಹತ್ತಿರ ನಿಂತು ಅವಳು ತನ್ನ ಬ್ಯಾಗ್ ಬಿಚ್ಚಿದಳು. ಎಂತಕ್ಕೆ ಅಂತ ಮೊದಲು ನನಗೆ ಅರ್ಥ ಆಗಲಿಲ್ಲ. ಒಂದು ಸೀರೆ, ಊಟದ ಬುತ್ತಿ, ಜಪಸರ. ಒಂದೊಂದೇ ತೆಗೆದು ನನಗೆ ತೋರಿಸಿ ಒಳಗಿಟ್ಟಳು. ನಾನು ಕೇಳಿರಲಿಲ್ಲ. ಆಮೇಲೆ ಬರ್ತೇನೆ ಮೇಡಂ ಅಂತ ಹೇಳಿ ಬಸ್ಸು ಹತ್ತಿದಳು.”